ನನ್ನ ಹತ್ತಿರ ಹಿಂಬರಹ ಕೇಳದವರು

ಅವರ ಬಲಗೈ ನಡುಬೆರಳಿನ ಬದಿಯಲ್ಲಿ ಕಡಲೆಕಾಳಿನಷ್ಟು ಗಂಟಿತ್ತು. ಪೆನ್ನು ಒತ್ತಿ ಒತ್ತಿ ಆದದ್ದು. ಚಿನ್ನದ ಗಣಿ ಮುಚ್ಚಿ ಅಲ್ಲಿನ ಕೆಲಸ ಹೋದ ಮೇಲೆ ದಿನಾ ಊರಿಗಾಂನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ನಮ್ಮ ತಾಲ್ಲೂಕು ಕಚೇರಿಯ ಗೇಟಿನಾಚೆ ಹೊಂಗೆ ಮರದಡಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಬಂದವರು ತಮಿಳಿನವರಿರಲಿ ತೆಲುಗಿನವರಿರಲಿ, ಅವರ ಮಾತಿನಲ್ಲೇ ಕೇಳಿ ಕನ್ನಡದಲ್ಲಿ ಬರೆಯುವರು. ಎಲ್ಲರಿಗೂ ಅವರು ಅರ್ಜಿ ಮೇಷ್ಟ್ರು.

ಅವರ ಬಾಯಲ್ಲಿ ಸದಾ ಒಂದೇ ಮಂತ್ರ, ಹಿಂಬರಹ. ಚೆಕ್ಕಿನ ಬೆನ್ನಿಗೆ ಹಾಕುವ ಸಹಿಯೂ ಹಿಂಬರಹವೇ. ಆದರೆ ಬಡವರಿಗೆ ಬೇಕಾದದ್ದು ಅರ್ಜಿಗೆ ಕಚೇರಿ ಬರೆದುಕೊಡುವ ಉತ್ತರ ಎನ್ನುತ್ತಿದ್ದರು. "ಆಗಲ್ಲ ಅಂತ ಬಾಯಲ್ಲಿ ಅಂದ್ರೆ ಬಿಡಬ್ಯಾಡ್ರಿ. ಯಾಕಾಗಲ್ಲ ಅಂತ ಬರ್ದು ಕೊಡ್ಲಿ. ಆ ಕಾಗ್ದ ಇಡ್ಕೊಂಡು ಮೇಲಿನ ಸಾಹೇಬ್ರ ತಾವ ಓಗ್ಬೋದು. ನಾಳೆ ಬಾ ಅನ್ನೋ ಮಾತ್ನ ಇಡ್ಕೊಂಡು ಎಲ್ಲಿಗೋಗ್ತೀರ?"

ನನ್ನ ನೌಕರಿ ಬಂದದ್ದೂ ಹಾಗೆಯೇ. ಆ ಕಚೇರಿಯಲ್ಲೇ ಜವಾನರಾಗಿದ್ದ ಅಪ್ಪ ತೀರಿಕೊಂಡಾಗ, ಅನುಕಂಪದ ನೌಕರಿಗೆಂದು ವರ್ಷಗಟ್ಟಲೆ ಅಲೆದೆ. ಮೇಷ್ಟ್ರು ನನ್ನಿಂದ ಹಿಂಬರಹ ಕೇಳಿಸಿದರು, ಮೇಲ್ಮನವಿ ಬರೆದರು. ಆದೇಶ ಬಂದ ದಿನ ಕಾಲಿಗೆ ಬಿದ್ದರೆ, "ಏಳಮ್ಮ, ಸೀರೆ ಮಣ್ಣಾಗ್ತದೆ. ಒಳಗೆ ಕೂತ್ಮೇಲೆ ಜನಾನ ಅಲೆಸಬ್ಯಾಡ, ಅಷ್ಟೆ" ಎಂದರು.

ಅಲೆಸಿದೆ. ಅದೂ ಅವರನ್ನೇ.

ಅವರ ತಂದೆಯ ಮನೆ ಜಾಗಕ್ಕೆ ದಾಯಾದಿಗಳು ಬೇಲಿ ಹಾಕಿದ್ದರು. ಕೋರ್ಟಿಗೆ ನಮ್ಮಲ್ಲಿದ್ದ ಹಳೆಯ ದಾಖಲೆಯ ನಕಲು ಬೇಕಿತ್ತು. ದಾಖಲೆ ಕೋಣೆಯ ಧೂಳೆಂದರೆ ನನಗೆ ಆಗದು. ಹುಡುಕದೆಯೇ "ಹುಡುಕ್ತಿದೀನಿ ಮೇಷ್ಟ್ರೇ, ಸೋಮವಾರ ಬನ್ನಿ" ಎಂದೆ. ಎಷ್ಟು ಸೋಮವಾರ! ದಾಖಲೆ ಸಿಕ್ಕಿಲ್ಲವೆಂದು ಹಿಂಬರಹವನ್ನಾದರೂ ಕೊಡಬಹುದಿತ್ತು. ಅದಕ್ಕೆ ಸಹಿ ಹಾಕುವ ಸಾಹೇಬರು ಎಲ್ಲೆಲ್ಲಿ ಹುಡುಕಿದೆ ಎಂದು ಕೇಳಿಯಾರೆಂಬ ಭಯ. ಮೇಷ್ಟ್ರೂ ಹಿಂಬರಹ ಕೇಳಲಿಲ್ಲ. ಊರಿಗೆಲ್ಲ ಹಿಂಬರಹ ಕೇಳಿ ಎಂದವರು ನನ್ನ ಮೇಜಿನೆದುರು ಮಾತ್ರ "ಆಗ್ಲಮ್ಮ, ಬತ್ತೀನಿ" ಎಂದು ರೈಲಿಗೆ ಹೊರಡುತ್ತಿದ್ದರು. ಥೂ, ನನ್ನ ಜನ್ಮಕ್ಕಿಷ್ಟು!

ದಾಖಲೆಯಿಲ್ಲವೆಂದು ಕೋರ್ಟಿನಲ್ಲಿ ಸೋತರು. ಆಮೇಲೆ ಮರದಡಿ ಅವರು ಕಾಣಲಿಲ್ಲ. ಕೆಲವೇ ತಿಂಗಳಿಗೆ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗುವ ಧೈರ್ಯ ನನಗಾಗಲಿಲ್ಲ.

ಹೋದ ತಿಂಗಳು ಅವರ ಮಗಳು ಬಂದಳು. ಮೇಲಿನ ಕೋರ್ಟಿಗೆ ಹೋಗಲು ಅದೇ ನಕಲು ಬೇಕಂತೆ. ಅವತ್ತೇ ದಾಖಲೆ ಕೋಣೆಗೆ ಹೋದೆ. ಮೂರನೆಯ ಕಟ್ಟಿನಲ್ಲೇ ಸಿಕ್ಕಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ನಕಲು ಕೈಗೆ ಕೊಟ್ಟಾಗ ಅವಳ ಕಣ್ಣು ತುಂಬಿತು. "ಇಂಬರಹ ಕೇಳಪ್ಪ ಅಂತ ನಾನೇ ಬಡ್ಕೊಂಡೆ ಅಕ್ಕ. 'ಅವ್ಳು ನಮ್ಮುಡುಗಿ ಕಣೇ, ಧೂಳಲ್ಲಿ ಕೂತು ಉಡುಕ್ತಾ ಅವ್ಳೆ, ನಂಬಿಕೆ ಇಲ್ದೋರಂಗೆ ಕೇಳ್ಬಾರ್ದು' ಅಂದ್ಬಿಟ್ರು. ಎಷ್ಟ್ ಕಷ್ಟಪಟ್ರೋ ನೀವು" ಎಂದು ನನ್ನೆರಡೂ ಕೈ ಹಿಡಿದುಕೊಂಡಳು.

ನಾನು ಹುಡುಕಿಯೇ ಇರಲಿಲ್ಲ ಎನ್ನಲು ಬಾಯಿ ಬರಲಿಲ್ಲ. "ಇರಲಿ ಬಿಡಮ್ಮ" ಎಂದೆ.