ಹೋಲ್ಡರಿನ ಸ್ಪ್ರಿಂಗು, ಹುಸೇನಸಾಬರ ಬೆರಳು

ಸವೆದ ವಸ್ತುಗಳಲ್ಲಿ ಬಹುಪಾಲು ತಮ್ಮ ಮುಪ್ಪನ್ನು ತಾವೇ ಸಾರುತ್ತವೆ. ಬಾಗಿಲು ಕಿರುಗುಟ್ಟುತ್ತದೆ, ಚಪ್ಪಲಿಯ ಹಿಮ್ಮಡಿ ಒಂದು ಕಡೆಗೆ ವಾಲುತ್ತದೆ, ಹಳೆಯ ಕೊಡೆ ಮೊದಲ ಮಳೆಗೇ ನೆತ್ತಿಯ ಮೇಲೆ ನಿಜ ನುಡಿಯುತ್ತದೆ. ಸ್ಪ್ರಿಂಗೊಂದು ಮಾತ್ರ ಹಾಗಲ್ಲ. ಒತ್ತಿದಾಗ ಬಗ್ಗಿ, ಬಿಟ್ಟಾಗ ಎದ್ದು, ದಿನವೂ ಕೂದಲೆಳೆಯಷ್ಟು ಸೋಲುತ್ತ ಕೊನೆಯವರೆಗೂ ವಿಧೇಯತೆಯ ಸೋಗಿನಲ್ಲೇ ಇದ್ದುಬಿಡುತ್ತದೆ. ಇಂಥ ವಿನಯಸಂಪನ್ನರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ.

ಗುಮಾನಿ ನನ್ನ ಸ್ವಭಾವವೂ ಹೌದು, ಆಗ ಹೊಟ್ಟೆಪಾಡೂ ಆಗಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನನ್ನ ಅಕ್ಕನ ಗಂಡ ರುದ್ರಪ್ಪನವರು ಇಟ್ಟಿದ್ದ ವೆಲ್ಡಿಂಗ್ ಅಂಗಡಿಯಲ್ಲಿ ಸಾಮಾನಿನ ಬೀರುವಿನ ಬೀಗದ ಕೈ ನನ್ನ ಉಡಿದಾರಕ್ಕೆ ತೂಗುತ್ತಿತ್ತು. ಊರು ಸೇರುವುದು ಮದ್ರಾಸಿಗೋ ಮೈಸೂರಿಗೋ ಆಂಧ್ರಕ್ಕೋ ಎಂದು ಊರಿಗೆ ಊರೇ ಸಂಶಯದಲ್ಲಿ ಮುಳುಗಿದ್ದ ಕಾಲವದು. ಅಂಥಲ್ಲಿ ನಾನೊಬ್ಬ ದಿನಾ ಬೆಳಿಗ್ಗೆ ಹಾಲಿಗೆ ಬೆರಳದ್ದಿ ನೋಡಿದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. “ನಿಮ್ಮನ್ನ ಸ್ವರ್ಗದ ಬಾಗಲಿಗೆ ಬಿಟ್ರೂ, ಇದು ಅಸಲಿ ಐತೋ ನಕಲಿ ಐತೋ ಅಂತ ಗ್ವಾಡಿ ಬಡದು ನೋಡೋರು ನೀವು,” ಎನ್ನುತ್ತಿದ್ದಳು. ಬಡಿದು ನೋಡುವುದರಲ್ಲಿ ತಪ್ಪೇನೆಂದು ನನಗೆ ಇಂದಿಗೂ ತಿಳಿದಿಲ್ಲ.

ಅಂಗಡಿಯ ಬೆಸುಗೆಯೆಲ್ಲ ಹುಸೇನಸಾಬರದು. ಕುರುಗೋಡಿನಿಂದ ಮುರಿದ ನೇಗಿಲು, ಬಂಡಿಯ ಪಟ್ಟಿ ಬರುತ್ತಿದ್ದವು. ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ ಭತ್ತ ನೆನೆಹಾಕುವ ದೊಡ್ಡ ಕಬ್ಬಿಣದ ತೊಟ್ಟಿಗಳು. ಕುರುಗೋಡಿಗೆ ಹೋದದ್ದು ಎಂದೂ ಹಿಂದಿರುಗುತ್ತಿರಲಿಲ್ಲ. ಸಿರುಗುಪ್ಪದ ತೊಟ್ಟಿಗಳು ಮಾತ್ರ ಇತ್ತೀಚೆಗೆ ತವರಿಗೆ ಬರುವ ಹೆಣ್ಣುಮಕ್ಕಳಂತೆ ಕಣ್ಣೀರು ಸುರಿಸುತ್ತ ಮರಳಿ ಬರತೊಡಗಿದವು. ನಾನು ಮೊದಲು ಸಂಶಯಪಟ್ಟದ್ದು ಸಿರುಗುಪ್ಪದ ಜನರನ್ನು. ಆಮೇಲೆ ಅಲ್ಲಿನ ನೀರನ್ನು. ಭಾವ ಸಂಶಯಪಟ್ಟದ್ದು ಹುಸೇನಸಾಬರ ಕೈಯನ್ನು.

“ವಯಸ್ಸಾತು, ಕೈ ನಡಗತೈತಿ,” ಎಂದು ನನಗೆ ಗುಟ್ಟಾಗಿ ಹೇಳಿದವರು, ಮರುದಿನ ಅವರಿಗೇ ನೇರವಾಗಿ ಹೇಳಿದರು: “ಸಾಬರ, ಸಿರುಗುಪ್ಪದ ಗೌಡ್ರ ತೊಟ್ಟಿ ಇನ್ನೊಮ್ಮಿ ಸೋರಿದ್ರ ಗುಂತಕಲ್ಲಿನಿಂದ ಬ್ಯಾರೆಯವನ್ನ ಕರಸ್ತೀನಿ. ನೀವು ಕುಂತು ಅರ ಹಾಕ್ರಿ.”

ಬೆಂಕಿಯ ಮುಂದೆ ಕೂತು ಬಾಳಿದ ಮನುಷ್ಯನಿಗೆ ಮೂಲೆಯಲ್ಲಿ ಕೂತು ಕಬ್ಬಿಣದ ಅಂಚು ಉಜ್ಜುವುದು ಎಂಥ ಇಳಿತವೆಂದು ಅಂಗಡಿಯ ಗೋಡೆಗೂ ಗೊತ್ತಿತ್ತು.

ಹುಸೇನಸಾಬರ ಕೈಯ ಮೇಲೆ ಕಣ್ಣಿಡುವ ಕೆಲಸ ನನಗೆ ಬಂತು. ಅವರು ಚಹಾ ಕುಡಿಯುವಾಗ ಬಸಿ ಅಲುಗುತ್ತದೆಯೇ ಎಂದು ನಾನು ಬಗ್ಗಿ ಬಗ್ಗಿ ನೋಡಿದೆ. ತುಂಬಿದ ಬಸಿ ಕೆರೆಯಂತೆ ನಿಂತಿತ್ತು.

“ಏನ್ರಿ ಸ್ವಾಮಿ, ನನ್ನ ಚಾದಾಗ ಈದ್ ಹಬ್ಬದ ಚಂದ್ರ ಕಂಡಾನೇನು?”

“ಇಲ್ಲ ಸಾಬರ, ನೊಣ ಬಿತ್ತೇನೋ ಅಂತ...”

“ನೊಣ ಬಾಜೂದಾಗ ಕುಂತೈತಿ ಬಿಡ್ರಿ.”

ಚಹಾದ ಕೈ ಗಟ್ಟಿಯಿದ್ದಮೇಲೆ ನನ್ನ ಗುಮಾನಿ ಬೆಸುಗೆಯ ಕಡ್ಡಿಯನ್ನು ಕಚ್ಚಿ ಹಿಡಿಯುವ ಇಕ್ಕಳಕ್ಕೆ ತಿರುಗಿತು. ಅದಕ್ಕೆ ಹೋಲ್ಡರ್ ಎನ್ನುತ್ತಾರೆ; ಹಿಡಿಕೆಯ ಮೇಲಿನ ಸನ್ನೆಕೋಲನ್ನು ಒತ್ತಿದರೆ ಅದರ ದವಡೆ ತೆರೆಯುತ್ತದೆ, ಬಿಟ್ಟರೆ ದವಡೆಯನ್ನು ಬಿಗಿಯಾಗಿಡುವುದು ಕಿರುಬೆರಳ ಗೆಣ್ಣಿನಷ್ಟು ಸ್ಪ್ರಿಂಗು. ಹುಸೇನಸಾಬರು ಹೋಲ್ಡರನ್ನು ಕೆಳಗಿಟ್ಟಾಗ ಕಡ್ಡಿ ನಿದ್ದೆಗಣ್ಣಿನವನ ತಲೆಯಂತೆ ಮೆಲ್ಲಗೆ ವಾಲಿದ್ದನ್ನು ನಾನು ಕಂಡೆ. ಹೊಸ ಸ್ಪ್ರಿಂಗುಗಳು ನನ್ನ ಬೀರುವಿನಲ್ಲೇ ಇದ್ದವು. ಆದರೆ ಹಳೆಯದನ್ನು ಬಿಚ್ಚಿ ತೋರಿಸದೆ ಹೊಸದು ಕೊಡಕೂಡದೆಂಬುದು ಅಂಗಡಿಯ ಕಟ್ಟುನಿಟ್ಟು. ತನ್ನ ಹೋಲ್ಡರಿನ ಒಡಲನ್ನು ಇನ್ನೊಬ್ಬರಿಗೆ ತೋರಿಸಕೂಡದೆಂಬುದು ವೆಲ್ಡರುಗಳ ಕಟ್ಟುನಿಟ್ಟು. ಸಂಜೆಯಾದರೆ ಹುಸೇನಸಾಬರು ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೇ ಒಯ್ಯುತ್ತಿದ್ದರು. ಈ ಎರಡು ಘನತೆಗಳ ನಡುವೆ ಸ್ಪ್ರಿಂಗು ನಿಶ್ಚಿಂತೆಯಿಂದ ಸೊರಗುತ್ತಿತ್ತು.

“ಒಮ್ಮಿ ನೋಡ್ತೀನಿ ಕೊಡ್ರಿ ಸಾಬರ.”

“ನಿಮ್ಮ ಹಲ್ಲುಜ್ಜೋ ಬೇವಿನ ಕಡ್ಡಿ ನಾ ಎಂದರ ಕೇಳೇನೇನ್ರಿ?”

ವಾದ ಸಮಂಜಸವಾಗಿತ್ತು. ನಾನು ಬೀರು ತೆಗೆದು ಹೊಸ ಸ್ಪ್ರಿಂಗೊಂದನ್ನು ಅವರ ಅಂಗೈಗೆ ಹಾಕಿ ಗೋಡೆಯತ್ತ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ತಿರುಪು ಬಿಚ್ಚುವ ಸದ್ದು, ಗೊಣಗು, ಮತ್ತೆ ತಿರುಪು ಬಿಗಿಯುವ ಸದ್ದು. ತಿರುಗಿದಾಗ ಹೋಲ್ಡರು ಕಡ್ಡಿಯನ್ನು ಮೊಸಳೆಯಂತೆ ಕಚ್ಚಿ ಹಿಡಿದಿತ್ತು. ಇಬ್ಬರೂ ಗೆದ್ದೆವೆಂದುಕೊಂಡೆವು.

ಗೆದ್ದಿರಲಿಲ್ಲ. ಹಳೆಯ ತಗಡಿನ ಮೇಲೆ ಎಳೆದ ಮೊದಲ ಉದ್ದದ ಬೆಸುಗೆ ಅರ್ಧಕ್ಕೇ ಹಾವಿನಂತೆ ಹೊರಳಿತು. ಮೊದಲಿನಂತೆಯೇ. ಭಾವ ಬಂದು ನೋಡಿ, “ಸ್ಪ್ರಿಂಗು ಹೊಸದಾತು, ಕೈ ಎಲ್ಲಿಂದ ತರ್ತೀರಿ?” ಎಂದು ಹೊರಟುಹೋದರು. ಸಿರುಗುಪ್ಪದ ಗೌಡರು ಮರುದಿನವೇ ಬರುವವರಿದ್ದರು.

ಹುಸೇನಸಾಬರು ಕರೆಂಟು ತೆಗೆಸಿ, ತೊಗಲಿನ ಕೈಗವಸು ಕಳಚಿ, ಹೋಲ್ಡರನ್ನು ಬರಿಗೈಯಲ್ಲಿ ಹಿಡಿದು ಸುಮ್ಮನೆ ಕೂತರು. ಆಗ ನಾವಿಬ್ಬರೂ ಅದನ್ನು ಒಟ್ಟಿಗೇ ಕಂಡೆವು. ಯಾರೂ ಕರೆಯದೆ ಅವರ ತೋರುಬೆರಳು ತಾನಾಗಿ ಹೋಲ್ಡರಿನ ಹಿಡಿಕೆಗೂ ಸನ್ನೆಗೂ ನಡುವೆ ನುಸುಳಿ, ದವಡೆ ಸಡಿಲದಂತೆ ಸನ್ನೆಯನ್ನು ಮೇಲಕ್ಕೆ ನೂಕುತ್ತಿತ್ತು. ಸೋತ ಸ್ಪ್ರಿಂಗಿನ ಕೆಲಸವನ್ನು ಅದು ಗವಸಿನೊಳಗೆ ಕೂತು ಎಷ್ಟು ಕಾಲದಿಂದ ಮಾಡುತ್ತಿತ್ತೋ! ಕುರುಗೋಡಿನ ಗೇಣುದ್ದದ ಬೆಸುಗೆಗೆ ಅದರ ಕಸುವು ಸಾಲುತ್ತಿತ್ತು. ಸಿರುಗುಪ್ಪದ ಮಾರುದ್ದದ ಬೆಸುಗೆಯಲ್ಲಿ ನಡುವೆಯೇ ದಣಿದು, ಇಡೀ ಕೈಯನ್ನು ನಡುಗಿಸುತ್ತಿತ್ತು. ಹೊಸ ಸ್ಪ್ರಿಂಗು ಬಂದದ್ದು ಅದಕ್ಕೆ ತಿಳಿದಿರಲಿಲ್ಲ, ತಿಳಿದಿದ್ದರೂ ನಂಬುವಂತಿರಲಿಲ್ಲ.

“ಇವನ ನೋಡ್ರಿ ಕಳ್ಳ,” ಎಂದರು ಹುಸೇನಸಾಬರು, ಬೆರಳನ್ನು ಎತ್ತಿ ಹಿಡಿದು. “ಕಟ್ರಿ ಸ್ವಾಮಿ ಇವನ್ನ.”

ನಾನು ಬಟ್ಟೆಯ ಪಟ್ಟಿ ಹರಿದು ತೋರುಬೆರಳನ್ನು ಪಕ್ಕದ ಬೆರಳಿಗೆ ಸೇರಿಸಿ ಬಿಗಿದೆ. ಮೇಲೆ ಗವಸು ತೊಟ್ಟು, ಗೌಡರ ತೊಟ್ಟಿಯ ಮುಂದೆ ಕೂತವರು ಮಧ್ಯಾಹ್ನ ಇಳಿಯುವವರೆಗೂ ಏಳಲಿಲ್ಲ.

ಮರುದಿನ ಗೌಡರು ತೊಟ್ಟಿಗೆ ಬಾಯಿಮಟ್ಟ ನೀರು ತುಂಬಿಸಿ, ಪಂಚೆಯಲ್ಲಿ ಅಂಗೈ ಒರೆಸಿಕೊಂಡು, ಬೆಸುಗೆಯ ಗುಂಟ ಮೆಲ್ಲಗೆ ಸವರುತ್ತ ಹೋದರು. ಅಂಗೈ ನೋಡಿಕೊಂಡರು. ಒಣಗಿತ್ತು. ಮತ್ತೆ ಸವರಿ ಮೂಸಿ ಕೂಡ ನೋಡಿದರು. ನನ್ನಂಥವರೊಬ್ಬರು ಸಿರುಗುಪ್ಪದಲ್ಲೂ ಇದ್ದಾರೆಂದು ಮನಸ್ಸಿಗೆ ಹಿತವಾಯಿತು.

“ಒಣಗೈತಿ,” ಎಂದರು ಕೊನೆಗೆ, ಒಲ್ಲದ ಮನಸ್ಸಿನಿಂದ. “ಇನ್ನೆರಡು ತೊಟ್ಟಿ ಕಳಸ್ತೀನಿ. ಸಾಬರ ಕೈಲೇ ಆಗಬೇಕ್ರಿ ರುದ್ರಪ್ಪ.”

“ಮತ್ಯಾರ ಕೈಲಿ ಮಾಡಸ್ತೀನ್ರಿ ಗೌಡ್ರ?” ಎಂದರು ಭಾವ, ಗುಂತಕಲ್ಲೆಂಬ ಊರು ಭೂಪಟದಲ್ಲಿ ಎಂದೂ ಇರಲೇ ಇಲ್ಲವೆಂಬಂತೆ.

ಅವರೆಲ್ಲ ಅತ್ತ ಹೋದಮೇಲೆ ನಾನು ಬೆರಳಿನ ಕಟ್ಟು ಬಿಚ್ಚಲು ಕೂತೆ. ಗಂಟು ಸಡಿಲಿದ್ದೇ ತಡ, ತೋರುಬೆರಳು ಬರಿಯ ಗಾಳಿಯಲ್ಲಿ ಇಲ್ಲದ ಸನ್ನೆಯೊಂದನ್ನು ಹುಡುಕುತ್ತ ಮೆಲ್ಲಗೆ ಮೇಲೆದ್ದಿತು. ಹುಸೇನಸಾಬರು ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದರು.

“ಇರಲಿ ಬಿಡ್ರಿ ಸ್ವಾಮಿ, ಇನ್ನಷ್ಟು ದಿನ ಕಟ್ಟೇ ಇರಲಿ. ಇವಂಗ ನಂಬಿಕಿ ಬರೋತನಕ.”

ಬಿಚ್ಚಿದ ಪಟ್ಟಿಯನ್ನು ನಾನು ಮತ್ತೆ ಸುತ್ತಿದೆ. ಗಂಟು ಹಾಕಿದಮೇಲೆ, ಅಭ್ಯಾಸಬಲ ನೋಡಿ, ಗಟ್ಟಿಯಾಗಿದೆಯೋ ಇಲ್ಲವೋ ಎಂದು ಒಮ್ಮೆ ಎಳೆದೂ ನೋಡಿದೆ.