ಸೀಲ್ ಇಲ್ಲದ ಕೊಬ್ಬರಿ ಮಿಠಾಯಿ

ಹೇಳುವ ಕ್ರಮದಲ್ಲಿ ಲೋಪಗಳಿದ್ದರೆ ಓದುಗರು ಮನ್ನಿಸಬೇಕು. ನಾನು ಎಂಜಿನಿಯರ್, ನಡೆದದ್ದನ್ನು ನಡೆದಂತೆ ರಿಪೋರ್ಟ್ ಬರೆಯುವುದಷ್ಟೇ ನನಗೆ ಗೊತ್ತು.

ಕಳೆದ ವಾರ ಇಲ್ಲಿ, ಅಮೆರಿಕದಲ್ಲಿ, ಹ್ಯಾಲೋವೀನ್. ಮಕ್ಕಳು ಭೂತ, ಮಾಟಗಾತಿ, ಅಸ್ಥಿಪಂಜರಗಳ ವೇಷ ತೊಟ್ಟು, ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಕೇಳುತ್ತಾರೆ. 'ಟ್ರಿಕ್ ಆರ್ ಟ್ರೀಟ್' ಎಂಬುದು ಇದರ ಮಂತ್ರ. ಕೊಡಿ, ಇಲ್ಲವಾದರೆ ಕಾಟ ಕೊಡುತ್ತೇವೆ ಎಂದು ತಾತ್ಪರ್ಯ. ನಮ್ಮಲ್ಲಿ ಸಂಕ್ರಾಂತಿಗೆ ಹೆಣ್ಣುಮಕ್ಕಳು ತಟ್ಟೆ ತುಂಬಿಕೊಂಡು ಎಳ್ಳು ಬೀರಲು ಹೊರಡುತ್ತಾರೆ. ಇಲ್ಲಿ ಖಾಲಿ ಚೀಲ ಹಿಡಿದು ಹೊರಡುತ್ತಾರೆ. (ಶ್ರೀಮಂತ ದೇಶ!)

ನಾವು ಬ್ರಿಡ್ಜ್‌ವಾಟರ್‌ಗೆ ಬಂದದ್ದು ಈ ಬೇಸಿಗೆಯಲ್ಲಿ. ಎಂಟು ವರ್ಷದ ಮಗಳು ವೀಣಾಗೆ ಹೊಸ ಶಾಲೆಯಲ್ಲಿ ಸಿಕ್ಕಿರುವುದು ಒಬ್ಬಳೇ ಗೆಳತಿ, ಪಕ್ಕದ ಮನೆಯ ಕಿಮ್. ನಮ್ಮಿಂದ ಏನಾದರೂ ತಪ್ಪಾಗಿ ಆ ಗೆಳೆತನ ಕೆಟ್ಟರೆ? ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಓದದೆ ಯಾವುದಕ್ಕೂ ಕೈ ಹಾಕುವವನಲ್ಲ. ಲೈಬ್ರರಿಗೆ ಹೋಗಿ ಹ್ಯಾಲೋವೀನಿನ ಇತಿಹಾಸವನ್ನೇ ಓದಿ ಬಂದೆ.

"ರೀ, ಮನೆಗೆ ಬಂದ ಮಕ್ಕಳಿಗೆ ಅಂಗಡಿ ಕ್ಯಾಂಡಿ ಕೊಡೋದಾ? ನಾನೇ ಕೊಬ್ಬರಿ ಮಿಠಾಯಿ ಮಾಡ್ತೀನಿ," ಎಂದಳು ಹೆಂಡತಿ ಜಯಾ.

"ಅಮ್ಮ, ನೋ! ಯೂ ಹ್ಯಾವ್ ಟು ಬೈ ಇಟ್!" ಎಂದಳು ವೀಣಾ.

"ಸುಮ್ನಿರು ಪುಟ್ಟಿ. ಬಣ್ಣ ಹಾಕಿದ ಸಕ್ಕರೆ ಕೊಡೋದೂ ಒಂದು ಮರ್ಯಾದೇನಾ?" ಎಂದು ನಾನೇ ಗದರಿದೆ.

ನಮ್ಮವರ ಅಂಗಡಿಗಳಿರುವ ಜ್ಯಾಕ್ಸನ್ ಹೈಟ್ಸ್‌ವರೆಗೆ ಡ್ರೈವ್ ಮಾಡಿ ತೆಂಗಿನಕಾಯಿ ತಂದೆ. ಜಯಾ ತುರಿದಳು. ಮಗಳು ಮುನಿಸು ಮರೆತು ಏಲಕ್ಕಿ ಬಿಡಿಸಿಕೊಟ್ಟಳು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಕೆಂಪು ದಾರ ಕಟ್ಟಿದೆವು.

ಸಂಜೆ ಭೂತಗಳು ಬಂದವು. "ಬಲಗೈಲಿ ತಗೋ ಮಗು," ಎಂದು ಜಯಾ ಅಸ್ಥಿಪಂಜರವೊಂದಕ್ಕೆ ಕನ್ನಡದಲ್ಲೇ ಬುದ್ಧಿ ಹೇಳಿದಳು. ಅದು ಪೊಟ್ಟಣವನ್ನು ಮೂಸಿ ನೋಡಿ ಚೀಲಕ್ಕೆ ಹಾಕಿಕೊಂಡಿತು. ಕಿಮ್ ಕೂಡ ಒಂದು ಪಡೆದು, ರಾಜಕುಮಾರಿಯ ವೇಷದಲ್ಲಿದ್ದ ವೀಣಾಳನ್ನು ಕರೆದುಕೊಂಡು ಹೋದಳು.

ಒಂದು ಗಂಟೆಯ ನಂತರ ಮಗಳನ್ನು ಕರೆತರಲು ಕಿಮ್‌ಳ ಮನೆಗೆ ಹೋದೆ. ಹಿಂಬಾಗಿಲ ಗಾಜಿನಾಚೆ ಅಡುಗೆಮನೆ ಕಾಣುತ್ತಿತ್ತು, ಮಾತೂ ಕೇಳಿಸುತ್ತಿತ್ತು. ಮೇಜಿನ ಮೇಲೆ ಮಿಠಾಯಿಯ ರಾಶಿ. ಕಿಮ್‌ಳ ತಾಯಿ ಒಂದೊಂದನ್ನೂ ದೀಪಕ್ಕೆ ಹಿಡಿದು ಪರೀಕ್ಷಿಸುತ್ತಿದ್ದರು. ಯಾರಾದರೂ ವಿಷ ಬೆರೆಸಿದ್ದರೆ, ಬ್ಲೇಡು ಇಟ್ಟಿದ್ದರೆ ಎಂಬ ಭಯವಂತೆ! ನೆರೆಯವರ ಬಾಗಿಲಿಗೆ ಮಕ್ಕಳನ್ನು ಕಳಿಸುವುದು, ಅವರು ಕೊಟ್ಟದ್ದನ್ನು ಪೊಲೀಸರಂತೆ ತಪಾಸಣೆ ಮಾಡುವುದು. ಇದೆಂತಹ ಹಬ್ಬ? ನಾಲಿಗೆಯನ್ನು ನೀಲಿ ಮಾಡುವ ಕ್ಯಾಂಡಿಗೆ ಸೀಲ್ ಇದೆ, ಪಾಸ್. ಏಲಕ್ಕಿ ಹಾಕಿದ ಮಿಠಾಯಿಗೆ ಸೀಲ್ ಇಲ್ಲ, ಫೇಲ್.

ಫ್ರಿಜ್ಜಿನ ಮೇಲೆ ಶಾಲೆಯ ಚೀಟಿಯೊಂದನ್ನು ಅಂಟಿಸಿದ್ದರು: ಮನೆಯಲ್ಲಿ ಮಾಡಿದ ತಿಂಡಿ ಹಂಚಬೇಡಿ. ಅದೇ ಚೀಟಿ ನಮ್ಮ ಮನೆಗೂ ಬಂದಿತ್ತು. ಇತಿಹಾಸ ಓದಿ ಬಂದಿದ್ದ ಮಹಾಶಯ ಅದಕ್ಕೆ ಓದದೆಯೇ ಸಹಿ ಮಾಡಿದ್ದ.

ಕೆಂಪು ದಾರದ ಪೊಟ್ಟಣವನ್ನು ಎತ್ತಿ ಹಿಡಿದು ಆಕೆ ಕೇಳಿದರು: "ವೀಣಾ ಹನಿ, ವಾಟ್ಸ್ ಇನ್ ದಿಸ್?"

ಮಗಳು ಕಿಮ್‌ಳನ್ನು ನೋಡಿದಳು. ಆಮೇಲೆ ಪೊಟ್ಟಣವನ್ನು ನೋಡಿದಳು.

"ಐ ಡೋಂಟ್ ನೋ," ಎಂದಳು. "ಐ ಡೋಂಟ್ ಈಟ್ ಇಟ್ ಐದರ್."

ಯಾರೂ ಹೇಳದಿದ್ದರೂ ತಾನೇ ಅದನ್ನು ಕಸದ ಡಬ್ಬಕ್ಕೆ ಹಾಕಿದಳು. ಕಿಮ್ ನಕ್ಕು ತನ್ನ ಚಾಕ್ಲೆಟ್ಟಿನಲ್ಲಿ ಅರ್ಧ ಮುರಿದು ಅವಳ ಕೈಗಿಟ್ಟಳು.

ನಾನು ಬಾಗಿಲು ತಟ್ಟಿದೆ. ಏನೂ ನೋಡಿಲ್ಲದವನಂತೆ ಹಲ್ಲು ಕಿರಿದು "ಹ್ಯಾಪಿ ಹ್ಯಾಲೋವೀನ್" ಎಂದೆ. ಉಚ್ಚಾರಣೆ ಸರಿಯಾಗಿಯೇ ಇತ್ತು.

ಗೆಳೆತನ ಉಳಿಯಿತು. ಈ ಸೋಮವಾರದಿಂದ ವೀಣಾ ಶಾಲೆಯ ಕ್ಯಾಂಟೀನಿನಲ್ಲೇ ಊಟ ಮಾಡುತ್ತಾಳೆ. ಜಯಾ ಬೆಳಗ್ಗೆ ಕಟ್ಟುವುದು ಒಂದೇ ಡಬ್ಬಿ, ನನ್ನದು.