ಚಿಕ್ಕಪ್ಪನಿಗೆ ಹಾಕದ ಎಲೆ

ನಮ್ಮ ಮನೆಯಲ್ಲಿ ಬದುಕಿದ್ದವರಿಗೆ ಊಟ ತಪ್ಪಿದ ದಿನಗಳಿದ್ದವು. ಸತ್ತವರಿಗೆ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಮಳೆಗಾಲದ ನಡುವಿನ ಆಟಿ ತಿಂಗಳು ಬಂತೆಂದರೆ ಅಜ್ಜಿಗೆ ಎಲ್ಲಿಲ್ಲದ ಚುರುಕು. ಒಳಕೋಣೆಯಲ್ಲಿ ಸಾಲಾಗಿ ಬಾಳೆಎಲೆ ಹಾಕಿ, ತೀರಿಕೊಂಡ ಹಿರಿಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದು, ಅವರವರಿಗೆ ಸೇರುತ್ತಿದ್ದದ್ದನ್ನೇ ಬಡಿಸಬೇಕು. ಅಜ್ಜನ ಎಲೆಗೆ ಕೋಳಿಯ ಕಾಲು, ಜೊತೆಗೊಂದು ಬೀಡಿ. ಅಜ್ಜನ ಅಕ್ಕನ ಎಲೆಗೆ ಸುಟ್ಟ ಒಣಮೀನು. ಬಡಿಸಿ ಆದ ಮೇಲೆ ದೀಪ ಇಟ್ಟು ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕಾಯುತ್ತಿದ್ದೆವು. ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುತ್ತಿದ್ದರು. ಸತ್ತವರು ಪರಿಮಳ ಉಂಡು ಹೋಗುತ್ತಾರೆ, ಉಳಿದದ್ದೆಲ್ಲ ನಮಗೆ. ಈ ಏರ್ಪಾಡಿನ ಬಗ್ಗೆ ಮಕ್ಕಳಾದ ನಮಗೆ ಯಾವ ತಕರಾರೂ ಇರಲಿಲ್ಲ.

ಆ ಸಾಲಿನಲ್ಲಿ ಚಿಕ್ಕಪ್ಪನಿಗೆ ಎಲೆ ಇರಲಿಲ್ಲ. ಹಾಕಲು ಅಜ್ಜಿ ಬಿಡುತ್ತಿರಲಿಲ್ಲ.

ಚಿಕ್ಕಪ್ಪ ಎಂದರೆ ಅಪ್ಪನ ಒಬ್ಬನೇ ತಮ್ಮ. ಪುತ್ತೂರಿನಲ್ಲಿ ಹೈಸ್ಕೂಲು ಮುಗಿಸಿ, ಮನೆಯಲ್ಲಿ ಒಂದು ಮಾತೂ ಹೇಳದೆ ಮಂಗಳೂರಿಗೆ ಹೋಗಿ ಯುದ್ಧಕ್ಕೆ ಹೆಸರು ಕೊಟ್ಟು ಬಂದವ. ಬರ್ಮಾದ ಗಡಿಯಲ್ಲಿ ಬಾಂಬು ಹಾಕುವ ವಿಮಾನದಲ್ಲಿ ಅವನಿಗೆ ಕೆಲಸ. ಇಬ್ಬರೇ ಕೂರುವ ವಿಮಾನವಂತೆ ಅದು. ಮುಂದೆ ನಡೆಸುವವನು, ಅವನ ಬೆನ್ನಿಗೆ ಬೆನ್ನು ಕೊಟ್ಟು ಬಂದೂಕು ಹಿಡಿದು ಕೂರುವವ ನಮ್ಮ ಚಿಕ್ಕಪ್ಪ. ಒಂದು ಬೆಳಿಗ್ಗೆ ಹೋದ ವಿಮಾನ ವಾಪಸು ಬರಲಿಲ್ಲ. ಇಬ್ಬರೂ ಕಾಣೆಯಾಗಿದ್ದಾರೆ ಎಂದು ತಂತಿ ಬಂದಾಗ ನಾನಿನ್ನೂ ಅಕ್ಷರ ತಿದ್ದುವವಳು. ಅಮ್ಮ ಅತ್ತದ್ದು, ಅಪ್ಪ ಅಂಗಳದಲ್ಲಿ ಸುಮ್ಮನೆ ನಿಂತದ್ದು ನೆನಪಿದೆ. ಅಜ್ಜಿ ಮಾತ್ರ ಅಳಲಿಲ್ಲ.

"ಕಾಣೆ ಆದದ್ದಲ್ವಾ? ಹಸಿವಾದ್ರೆ ಬರ್ತಾನೆ" ಎಂದಳು.

ಅವಳ ಹತ್ತಿರ ಅದಕ್ಕೆ ಆಧಾರವೂ ಇತ್ತು. ಚಿಕ್ಕಪ್ಪ ಹುಡುಗನಾಗಿದ್ದಾಗ ಯಾವುದೋ ಸಿಟ್ಟಿಗೆ ಮನೆ ಬಿಟ್ಟು ಈಶ್ವರಮಂಗಲದ ಸೋದರಮಾವನ ಮನೆಗೆ ಹೊರಟಿದ್ದನಂತೆ. ಇನ್ನು ಈ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಶಪಥ ಬೇರೆ. ಅರ್ಧ ದಾರಿಗೆ ಹಸಿವಾಯಿತು. ಮಧ್ಯಾಹ್ನದ ಗಂಜಿ ಬಸಿಯುವಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಹಾಜರು. ಅವನ ಹೊಟ್ಟೆಯ ಬಗ್ಗೆ ಅಜ್ಜಿಗಿದ್ದ ನಂಬಿಕೆ ದೇವರ ಬಗ್ಗೆಯೂ ಇರಲಿಲ್ಲ.

ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿತು. ಅಜ್ಜಿಯ ಮಾತು ಮಾತ್ರ ಅದೇ. ಮನೆಯಲ್ಲಿ ಯಾರಿಗೂ ಅದರಿಂದ ತೊಂದರೆ ಇರಲಿಲ್ಲ, ನನ್ನ ಮದುವೆಯ ಮಾತು ಶುರುವಾಗುವವರೆಗೆ. ಮೊದಲು ಸುಳ್ಯದ ಕಡೆಯ ಸಂಬಂಧವೊಂದು ಕೂಡಿಬಂದಂತಾಗಿ ಬಿಟ್ಟುಹೋಯಿತು. ಎರಡನೆಯದೂ ಹಾಗೆಯೇ. ಅಪ್ಪ ಜೋಯಿಸರಲ್ಲಿಗೆ ಹೋಗಿ ಕವಡೆ ಇಡಿಸಿ ಪ್ರಶ್ನೆ ಕೇಳಿದರು. ಮನೆಯ ಒಂದು ಪ್ರೇತ ಹಿರಿಯರ ಸಾಲಿಗೆ ಸೇರದೆ ಅಲೆಯುತ್ತಿದೆ, ಅದನ್ನು ಕರೆದು ಎಲೆ ಹಾಕದೆ ಶುಭಕಾರ್ಯ ನಡೆಯದು ಎಂದು ಕಂಡಿತು. ಪುತ್ತೂರಿನಂಥ ಊರಿನಲ್ಲಿ ಇಂಥ ಮಾತಿಗೆ ಕಾಲು ಬೇಡ. ಮೂರನೆಯ ಸಂಬಂಧದವರು ನಮ್ಮ ಮನೆಗೆ ಬರಲೇ ಇಲ್ಲ.

ಅಪ್ಪ ಅಜ್ಜಿಯ ಹತ್ತಿರ ಮೆಲ್ಲಗೆ ಮಾತೆತ್ತಿದರು. ಅಜ್ಜಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ಬದುಕಿದ ಮಗನಿಗೆ ಸತ್ತವರ ಎಲೆ ಹಾಕುದಾ? ಹಾಕುದಾದ್ರೆ ಮೊದಲು ನನಗೆ ಹಾಕು."

"ಬದುಕಿದ್ದಾನೆ ಅಂತ ನಿಮಗೆ ಹೇಗೆ ಗೊತ್ತುಂಟಮ್ಮ?"

"ಸತ್ತಿದ್ದಾನೆ ಅಂತ ನಿನಗೆ ಗೊತ್ತುಂಟಾ?"

ಅಲ್ಲಿಗೆ ಮಾತು ಮುಗಿಯಿತು. ಚಿಕ್ಕಪ್ಪ ಸತ್ತದ್ದು ಖಚಿತವಾದರೆ ನನ್ನ ಬದುಕು ಮುಂದೆ ಹೋಗುತ್ತದೆ, ಖಚಿತವಾದ ಗಳಿಗೆ ಅಜ್ಜಿಯದು ನಿಲ್ಲುತ್ತದೆ. ಇದು ನನಗೆ ಅವತ್ತು ಅರ್ಧ ಮಾತ್ರ ಅರ್ಥವಾಗಿತ್ತು. ಯಾವ ಅರ್ಧ ಎಂದು ಬೇರೆ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದ ಹುಡುಗಿ ನಾನು. ಮುಖವೂ ಸರಿಯಾಗಿ ನೆನಪಿಲ್ಲದ ಒಬ್ಬ ಮನುಷ್ಯ ಬರ್ಮಾದ ಕಾಡಿನಿಂದ ಕೈಚಾಚಿ ನನ್ನ ಜಡೆ ಹಿಡಿದು ಕೂತಿದ್ದಾನೆ ಎಂದು ಮೈ ಉರಿಯುತ್ತಿತ್ತು.

ಮನೆಯಲ್ಲಿ ಇಂಗ್ಲಿಷು ಓದಿದವಳು ನಾನೊಬ್ಬಳೇ. ಬರೆಯಲು ಕುಳಿತೆ. ದೆಹಲಿಗೆ ಬರೆದೆ, ಅಲ್ಲಿಂದ ಹೇಳಿದ ಇನ್ನೊಂದು ಕಚೇರಿಗೆ ಬರೆದೆ, ಅವರು ಮತ್ತೆ ಮೊದಲಿನ ಕಚೇರಿಗೇ ಬರೆಯಿರಿ ಎಂದರು. ಕೊನೆಗೆ ಬಂದ ಉತ್ತರದಲ್ಲಿ ಎರಡು ಸಾಲು. ಶೋಧಿಸಿದರೂ ಏನೂ ಸಿಕ್ಕಿಲ್ಲ, ಮೃತರಾಗಿದ್ದಾರೆಂದು ಭಾವಿಸಲಾಗಿದೆ. ನಾನು ಗೆದ್ದವಳ ಹಾಗೆ ಅಜ್ಜಿಗೆ ಓದಿ ಹೇಳಿದೆ.

"ಭಾವಿಸುದಾ?" ಎಂದು ಅಜ್ಜಿ ಕೇಳಿದಳು. "ದೆಹಲಿಯಲ್ಲಿ ಕೂತವರು ಭಾವಿಸಿದ್ರೆ ನನ್ನ ಮಗ ಸಾಯುದಾ? ನಾನೂ ಭಾವಿಸ್ತೇನೆ ಹಾಗಾದ್ರೆ, ಬದುಕಿದ್ದಾನೆ ಅಂತ."

ನನಗೆ ಸಿಟ್ಟು ಬಂದು ಕಾಗದವನ್ನು ಮಡಚಿ ಪೆಟ್ಟಿಗೆಗೆ ಹಾಕಿದೆ.

ದೆಹಲಿಯಿಂದ ಆಗದ್ದು ಕೊನೆಗೆ ಪುತ್ತೂರಿನ ಬಸ್‌ಸ್ಟ್ಯಾಂಡಿನಿಂದ ಆಯಿತು. ಅಪ್ಪ ಅಲ್ಲಿ ಬಸ್ ಏಜೆಂಟರಾಗಿದ್ದರು. ಸುಳ್ಯ, ಕಡಬ, ಉಪ್ಪಿನಂಗಡಿ ಎಂದು ಕೂಗಿ ಜನ ಹತ್ತಿಸುವ ಕೆಲಸ. ಕಂಡಕ್ಟರುಗಳಿಗೆಲ್ಲ ಅವರು ಒಂದು ಮಾತು ಹೇಳಿಟ್ಟರು: ನಿಮ್ಮ ದಾರಿಯಲ್ಲಿ ಬರ್ಮಾ ಕಡೆ ವಿಮಾನದ ಕೆಲಸಕ್ಕೆ ಹೋಗಿ ಬಂದವರು ಯಾರಾದರೂ ಉಂಟಾ ಎಂದು ಕೇಳಿ. ಕಂಡಕ್ಟರು ಒಂದು ಸಂಗತಿ ಕೇಳಿದ ಎಂದರೆ ಅದು ಮನೆಮನೆಗೆ ಹೋಗುತ್ತದೆ. ಆದರೂ ವರ್ಷ ಕಳೆಯಿತು. ಸಿಕ್ಕಿದವರೆಲ್ಲ ಇರಾಕಿಗೆ ಹೋದವರು, ಇಲ್ಲವೇ ಲಾರಿ ಓಡಿಸಿದವರು. ಒಬ್ಬ ಪುಣ್ಯಾತ್ಮ ಸೈನ್ಯದಲ್ಲಿ ಬರೇ ಕುದುರೆ ತೊಳೆದವನು, ಆದರೂ ಯುದ್ಧದ ಕಥೆ ಹೇಳಿ ನಮ್ಮಲ್ಲಿ ಎರಡು ಹೊತ್ತು ಉಂಡು ಹೋದ. ಆಮೇಲೆ ಒಂದು ದಿನ ಕಡಬದ ಬಸ್ಸಿನ ಕಂಡಕ್ಟರು, ಬ್ಯಾರಿ ಮನುಷ್ಯ, ಸಂಜೆ ಅಪ್ಪನನ್ನು ಹುಡುಕಿಕೊಂಡು ಬಂದ.

"ತಿರುವಾಂಕೂರಿನಿಂದ ಬಂದು ನಮ್ಮಲ್ಲಿ ರಬ್ಬರು ನೆಟ್ಟವ ಒಬ್ಬ ಇದ್ದಾನೆ ಮಾರಾಯ್ರೆ. ವಿಮಾನಕ್ಕೆ ಬಾಂಬು ಕಟ್ಟುತ್ತಿದ್ದದ್ದಂತೆ. ನಿಮ್ಮ ತಮ್ಮನ ಹೆಸರು ಹೇಳಿದೆ. ಕೂತಲ್ಲಿಂದ ಎದ್ದು ನಿಂತ."

ನಾವಿಬ್ಬರೇ ಹೋಗುವುದೆಂದು ಅಪ್ಪ ಎಣಿಸಿದ್ದರು. ಬೆಳಿಗ್ಗೆ ನೋಡುವಾಗ ಅಜ್ಜಿ ಸೀರೆ ಬದಲಾಯಿಸಿ ಜಗಲಿಯಲ್ಲಿ ಕುಳಿತಿದ್ದಳು. ಬೇಡ ಎನ್ನುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ.

ಕಡಬದಲ್ಲಿ ಇಳಿದು ತುಂಬ ನಡೆಯಬೇಕಿತ್ತು. ಕಾಡು ಕಡಿದು ಮಾಡಿದ ಗುಡ್ಡ, ಮೊಣಕಾಲೆತ್ತರದ ರಬ್ಬರು ಗಿಡಗಳು, ನಡುವೆ ಹುಲ್ಲಿನ ಮಾಡಿನ ಮನೆ. ಅಪ್ಪನ ಪ್ರಾಯದ ಮನುಷ್ಯ, ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಅವನ ಹೆಂಡತಿ ಬೇಯಿಸಿದ ಮರಗೆಣಸು, ಮೆಣಸಿನ ಚಟ್ನಿ, ಕಪ್ಪು ಕಾಪಿ ತಂದಿಟ್ಟಳು. ನಮ್ಮ ಮುಖ ನೋಡಿ ಅವನಿಗೆ ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಅಪ್ಪನೇ ಕೇಳುತ್ತ ಹೋದರು. ಅವನು ಮಲೆಯಾಳ ಬೆರೆತ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ, ಹೇಳುತ್ತ ಹೋದ.

ಹೌದು, ಆ ಪಯ್ಯನನ್ನು ಬಲ್ಲೆ. ಒಂದೇ ಡೇರೆ ನಮ್ಮದು. ಆ ದಿನ ಆ ವಿಮಾನಕ್ಕೆ ಬಾಂಬು ಕಟ್ಟಿದ್ದೂ ನಾನೇ. ಒಟ್ಟಿಗೆ ಕೆಲವು ವಿಮಾನ ಹೋದವು, ಗುಡ್ಡದ ಮೇಲೆ ದಟ್ಟ ಮೋಡ ಇತ್ತಂತೆ. ಅವರ ವಿಮಾನ ಮೋಡದೊಳಗೆ ಹೋದದ್ದನ್ನು ಹಿಂದಿನವರು ನೋಡಿದರು. ಹೊರಗೆ ಬಂದದ್ದನ್ನು ಯಾರೂ ನೋಡಲಿಲ್ಲ. ಆಮೇಲೆ ಮಳೆ ಹಿಡಿಯಿತು. ಹುಡುಕಲು ಹೋದ ವಿಮಾನಕ್ಕೆ ಕಂಡದ್ದು ಬರೇ ಕಾಡು.

"ಅಂದರೆ, ಸತ್ತದ್ದು ಹೌದಲ್ವಾ?" ಎಂದು ಅಪ್ಪ ಕೇಳಿದರು. ಆ ದನಿಯಲ್ಲಿ ಬೇಡಿಕೆ ಇತ್ತು. ಹೌದು ಎನ್ನು ಮಾರಾಯ, ಒಮ್ಮೆ ಹೌದು ಎಂದುಬಿಡು ಎಂದು ನಾನೂ ಮನಸ್ಸಿನಲ್ಲೇ ಹೇಳುತ್ತಿದ್ದೆ.

ಅವನು ಅಜ್ಜಿಯನ್ನು ನೋಡಿದ. "ನಾನು ನೋಡಲಿಲ್ಲ ಅಮ್ಮ. ನೋಡದ್ದನ್ನು ನೋಡಿದೆ ಅಂತ ಹೇಗೆ ಹೇಳುದು?"

ಅಪ್ಪ ತಲೆ ತಗ್ಗಿಸಿದರು. ಇಷ್ಟು ದೂರ ಬಂದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಇವನ ಆಚೆಗೆ ಕೇಳಲು ಯಾರೂ ಉಳಿದಿರಲಿಲ್ಲ. ಹೊರಡುವ ಎಂದು ನಾನು ಏಳುವಾಗ, ಅಲ್ಲಿಯವರೆಗೆ ಬಾಯಿ ಬಿಡದಿದ್ದ ಅಜ್ಜಿ ಕೇಳಿದಳು.

"ಅವನು ಎಂತಾದ್ರೂ ತಿಂದು ಹೋಗಿದ್ನಾ?"

ಆ ಮನುಷ್ಯ ತಬ್ಬಿಬ್ಬಾದ. ಇಂಥದೊಂದು ಪ್ರಶ್ನೆಯನ್ನು ಅವನು ಎಣಿಸಿರಲಿಲ್ಲ.

"ಇಲ್ಲಮ್ಮ. ಬೆಳಿಗ್ಗೆ ಬರೇ ಚಾ. ರೊಟ್ಟಿ ಆಗುವಾಗ ತಡ ಆಯ್ತು, ಹೊರಡಲು ಅವಸರ ಮಾಡಿದ್ರು. ನಾನು ಕೂಗಿ ಹೇಳಿದೆ, ಒಂದು ರೊಟ್ಟಿ ಕೈಯಲ್ಲಿ ಹಿಡ್ಕೊ ಅಂತ. ತೆಗೆದಿಡು, ಬಂದು ತಿಂತೇನೆ ಅಂದ."

"ತೆಗೆದಿಟ್ಟಿದ್ಯಾ?"

"ಇಟ್ಟಿದ್ದೆ. ತಟ್ಟೆ ಮುಚ್ಚಿ ಇಟ್ಟಿದ್ದೆ."

"ಮತ್ತೆ?"

"ಸಂಜೆವರೆಗೆ ಕಾದು, ನಾನೇ ತಿಂದೆ ಅಮ್ಮ. ನನಗೆ ಹಸಿವಿತ್ತು."

ಅಜ್ಜಿ ತನ್ನ ಮುಂದಿದ್ದ ಮರಗೆಣಸಿನ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದಳು. ಸಿಟ್ಟಿನಿಂದಲ್ಲ. ಹೊರಡುವಾಗ ಅವನ ಬೆರಳಿಲ್ಲದ ಕೈಯನ್ನು ಮುಟ್ಟಿ, ಒಳ್ಳೆದಾಗಲಿ ಮಗಾ ಎಂದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಬದಿ ಕುಳಿತಿದ್ದಳು. ಉಪ್ಪಿನಂಗಡಿ ದಾಟಿದ ಮೇಲೆ ಅಪ್ಪನ ಕಡೆ ತಿರುಗದೆಯೇ ಹೇಳಿದಳು. "ಈ ಆಟಿಗೆ ಅವನಿಗೂ ಒಂದು ಎಲೆ ಹಾಕುವ."

ಅಪ್ಪನಿಗೆ ಅರ್ಥವಾಗಲಿಲ್ಲ. "ನೋಡ್ಲಿಲ್ಲ ಅಂತ ಹೇಳಿದನಲ್ಲ ಅಮ್ಮ."

"ಬಂದು ತಿಂತೇನೆ ಅಂತ ಹೇಳಿದ್ದಾನಲ್ಲ. ಊಟ ತೆಗೆದಿಡ್ಲಿಕ್ಕೆ ಹೇಳಿ ಬಾರದೆ ಇರುವವನಲ್ಲ ಅವ. ಜೀವ ಇದ್ದಿದ್ರೆ ತೆವಳಿಕೊಂಡಾದ್ರೂ ಬರ್ತಿದ್ದ."

ದೆಹಲಿಯ ಕಾಗದಗಳು, ಕವಡೆಯ ಪ್ರಶ್ನೆ, ನನ್ನ ಸಿಟ್ಟು, ಯಾವುದೂ ಮಾಡದ್ದನ್ನು ಒಂದು ಒಣ ರೊಟ್ಟಿ ಮಾಡಿತು. ನನ್ನ ದಾರಿ ತೆರೆಯಿತು ಎಂದು ನನಗೆ ಸಂತೋಷವಾಗಬೇಕಿತ್ತು. ಮುಂದಿನ ವರ್ಷ ನನಗೆ ಮದುವೆಯೂ ಆಯಿತು, ಸಂಸಾರವೂ ಆಯಿತು. ಆದರೆ ಆ ಬಸ್ಸಿನಲ್ಲಿ ಅಜ್ಜಿ ಒಮ್ಮೆಲೇ ಬಾಯಿಗೆ ಸೆರಗು ತುರುಕಿಕೊಂಡು ಬಗ್ಗಿದಳು. ಅಳುವನ್ನು ಇಷ್ಟು ವರ್ಷ ಕಟ್ಟಿ ಇಟ್ಟವಳಿಗೆ ಅದನ್ನು ಹೊರಗೆ ಬಿಡುವುದೇ ಮರೆತುಹೋಗಿತ್ತೋ ಏನೋ, ವಾಂತಿ ಬಂದವಳ ಹಾಗೆ ಒದ್ದಾಡಿದಳು. ಕಂಡಕ್ಟರು ಬಸ್ಸು ನಿಲ್ಲಿಸಿದ. ಅಪ್ಪ ಬೆನ್ನು ಸವರಿದರು.

"ಅಷ್ಟು ಆಟಿ ಹೋಯ್ತು ಮಗ" ಎಂದಳು ಅಪ್ಪನಿಗೆ. "ಎಲ್ಲರಿಗೂ ಬಡಿಸಿದೆ. ಇವನೊಬ್ಬ ಬಾಗಿಲಲ್ಲಿ ನಿಂತು ನೋಡಿಕೊಂಡು ಹಸಿದು ಹೋದ. ಹೆತ್ತವಳು ನಾನೇ ಬಡಿಸಲಿಲ್ಲ."

ನಮ್ಮ ನಂಬಿಕೆಯ ಪ್ರಕಾರವೇ ಅವಳು ಹೇಳಿದ್ದು ಸರಿಯಾಗಿತ್ತು.

ಆಟಿ ಬಂತು. ಅಜ್ಜಿ ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ಎರಡು ಕೋಳಿ, ಅಕ್ಕಿರೊಟ್ಟಿ, ಚಿಕ್ಕಪ್ಪನಿಗೆ ಇಷ್ಟವೆಂದು ಹಲಸಿನ ಬೀಜದ ಪಲ್ಯ, ಬೆಲ್ಲ ಹಾಕಿದ ಪಾಯಸ. ಮುಸ್ಸಂಜೆಗೆ ಎಲೆಗಳ ಸಾಲು ಹಾಕಿದರು. ಕೊನೆಯ ಎಲೆ ಚಿಕ್ಕಪ್ಪನದು. ಉಳಿದವರನ್ನೆಲ್ಲ ಅಪ್ಪ ಕರೆದರು, ಇವನನ್ನು ಮಾತ್ರ ಅಜ್ಜಿಯೇ ಹೆಸರು ಹಿಡಿದು ಕರೆದಳು. ಎಲೆಯ ಮೇಲೆ ಇಡಲು ಜಾಗ ಇಲ್ಲದಷ್ಟು ಬಡಿಸಿದಳು. ಬಾಗಿಲು ಮುಚ್ಚಿದೆವು.

ಸ್ವಲ್ಪ ಹೊತ್ತಾಯಿತು. ಅಪ್ಪ ಎದ್ದು ಕೆಮ್ಮಿದರು.

"ಕೂತ್ಕೊ" ಎಂದಳು ಅಜ್ಜಿ. "ಅವನಿಗೆ ಇನ್ನೂ ಆಗಲಿಲ್ಲ."

ಮತ್ತೆ ಕುಳಿತೆವು. ನನ್ನ ಸಣ್ಣ ತಮ್ಮತಂಗಿಯರು ಹಸಿವು ಎಂದು ಅಳತೊಡಗಿದರು. ಅಮ್ಮ ಅವರನ್ನು ಗದರಿಸಿದಳು. ಅಪ್ಪ ಮತ್ತೊಮ್ಮೆ ಎದ್ದರು, ಅಜ್ಜಿ ಮತ್ತೆ ಕೈ ಹಿಡಿದು ಕೂರಿಸಿದಳು. ಒಳಗಿನ ದೀಪದ ಎಣ್ಣೆ ತೀರಿ ಬಾಗಿಲ ಸಂದಿನ ಬೆಳಕು ಹೋಯಿತು. ಆಗ ಅಜ್ಜಿ ತಾನೇ ಎದ್ದು ಬಾಗಿಲು ತಟ್ಟದೆ ತೆರೆದಳು. ನಾನು ಚಿಮಣಿ ದೀಪ ಹಿಡಿದು ಹಿಂದೆ ಹೋದೆ.

ಎಲೆಗಳೆಲ್ಲ ಬಡಿಸಿದ ಹಾಗೆಯೇ ಇದ್ದವು. ಯಾವಾಗಲೂ ಹಾಗೆಯೇ ಇರುತ್ತವೆ. ಅದು ಅವಳಿಗೆ ಗೊತ್ತಿಲ್ಲದ ಸಂಗತಿ ಅಲ್ಲ. ಆದರೂ ಅವಳು ಚಿಕ್ಕಪ್ಪನ ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಅನ್ನದ ಮೇಲೆ ಬೆರಳಿಟ್ಟು ನೋಡಿದಳು. ಅದು ತಣ್ಣಗಾಗಿತ್ತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಬೈಯುವ ಮುಖ ಅಲ್ಲ ಅದು. ಬೈದಿದ್ದರೆ ನಾನೂ ತಿರುಗಿ ಹೇಳುತ್ತಿದ್ದೆ.

"ನೀನು ಹುಡುಕದೆ ಇದ್ದಿದ್ರೆ" ಎಂದಳು, "ಹಸಿದುಕೊಂಡಾದ್ರೂ ಎಲ್ಲಿಯಾದ್ರೂ ಇರ್ತಿದ್ದ ಮಗಾ ಅವ."